ಪಗಡಿಯ ಮೇಲಿರುವ ಕ್ಯಾಮೆರಾ

ಮಳೆಗಾಲ ಸಮೀಪಿಸಿದಂತೆ ಮುಂಬಯಿ ಬಳಿಯ ಡೊಂಬಿವಲಿಯ ಮನೆಮನೆಗಳಲ್ಲಿ ಕೊಡೆಯ ಕಡ್ಡಿ ಸರಿಮಾಡಿಸುವ, ಕಿಟಕಿಯ ಸಂದಿಗೆ ಸಿಮೆಂಟು ಮೆತ್ತಿಸುವ ಕೆಲಸಗಳು ಆರಂಭವಾಗುತ್ತವೆ. ನಮ್ಮ ಮನೆಯಲ್ಲಿ ಇವುಗಳ ಜೊತೆಗೆ ಸಿಲಿಕಾ ಜೆಲ್ ಹುರಿಯುವ ಕೆಲಸವೂ ಒಂದುಂಟು. ನೀಲಿಯಾಗಿರಬೇಕಾದ ಆ ಹರಳುಗಳು ಗಾಳಿಯ ತೇವವನ್ನು ಹೀರಿ ಗುಲಾಬಿಯಾದವೆಂದರೆ, ಅಡುಗೆಗೆ ಬಾರದ ಹಳೆಯ ಬಾಣಲೆಯೊಂದರಲ್ಲಿ ಅವನ್ನು ಮತ್ತೆ ನೀಲಿಯಾಗುವ ತನಕ ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ಬಟ್ಟೆಯ ಚೀಲಕ್ಕೆ ತುಂಬಿ, ಪಾರದರ್ಶಕ ಡಬ್ಬಿಯೊಂದರಲ್ಲಿ ವಿಶ್ರಮಿಸುತ್ತಿರುವ ಫಿಲ್ಮ್ ಕ್ಯಾಮೆರಾದ ಪಕ್ಕದಲ್ಲಿಡಬೇಕು. ಡಿಜಿಟಲ್ ಕ್ಯಾಮೆರಾ ಮನೆಗೆ ಬಂದ ಮೇಲೆ ಇದು ಒಂದೇ ಒಂದು ಚಿತ್ರವನ್ನೂ ತೆಗೆದಿಲ್ಲ. ದಿನವಿಡೀ ದುಡಿಯುವ ಮೊಬೈಲು ದಿಂಬಿನ ಬದಿಯಲ್ಲೆಲ್ಲೋ ಬಿದ್ದಿರುತ್ತದೆ. ದುಡಿಯದೆ ಕುಳಿತಿರುವುದಕ್ಕೆ ವರ್ಷವರ್ಷವೂ ಈ ಉಪಚಾರ.

ಮುಂಬಯಿಯವರಿಗೆ ಪಗಡಿ ಪದ್ಧತಿಯನ್ನು ವಿವರಿಸಬೇಕಾಗಿಲ್ಲ. ಹಿಂದೊಮ್ಮೆ ದೊಡ್ಡ ಮೊತ್ತ ಕೊಟ್ಟು ಒಳಬಂದ ಬಾಡಿಗೆದಾರ, ಇಂದಿನ ಲೆಕ್ಕದಲ್ಲಿ ನಗು ಬರುವಷ್ಟು ಬಾಡಿಗೆ ಕೊಡುತ್ತಾ, ಕಾನೂನಿನ ನೆರಳಿನಲ್ಲಿ ತಲೆಮಾರುಗಟ್ಟಲೆ ನೆಮ್ಮದಿಯಾಗಿರುತ್ತಾನೆ. ಅವನನ್ನು ಎಬ್ಬಿಸುವುದು ಮಾಲೀಕನಿಂದ ಆಗುವ ಮಾತಲ್ಲ. ನಮ್ಮ ಗಾಜಿನ ಬಾಗಿಲಿನ ಕಪಾಟಿನಲ್ಲಿರುವ ಆ ಫಿಲ್ಮ್ ಕ್ಯಾಮೆರಾ, ಪೆಂಟ್ಯಾಕ್ಸ್ ಕೆ1000, ಅಂಥದೊಂದು ಬಾಡಿಗೆದಾರ. ಚದರಡಿಯ ಲೆಕ್ಕದಲ್ಲಿ ಉಸಿರಾಡುವ ಊರಿನಲ್ಲಿ ಅದಕ್ಕೂ, ಅದರ ಫ್ಲ್ಯಾಶಿಗೂ, ಚರ್ಮದ ಚೀಲಕ್ಕೂ, ನೆಗೆಟಿವ್‌ಗಳ ಕಟ್ಟಿಗೂ ಇಡೀ ಒಂದು ಸಾಲು ಮೀಸಲು. ಮಕ್ಕಳ ಪಠ್ಯಪುಸ್ತಕಗಳು ವಾಷಿಂಗ್ ಮೆಷಿನ್ನಿನ ಮೇಲಿವೆ.

"ಮಾರೋದಿದ್ರ ಮಾರ್ರಿ, ಇಲ್ಲಂದ್ರ ಅದರಾಗ ಫೋಟೋ ತಗೀರಿ. ಎರಡೂ ಆಗೂದಿಲ್ಲಂದ್ರ ಜಾಗಾ ಖಾಲಿ ಮಾಡ್ರಿ" ಎಂಬುದು ನನ್ನ ಹೆಂಡತಿಯ ವಾದ. ವಾದದಲ್ಲಿ ಲೋಪವಿಲ್ಲವೆಂಬುದೇ ತೊಂದರೆ. ಫೋಟೋ ತೆಗೆಯೋಣವೆಂದರೆ ಮೂವತ್ತಾರು ಚಿತ್ರಗಳ ಒಂದು ಬಣ್ಣದ ರೀಲಿನ ಬೆಲೆಯಲ್ಲಿ ಮನೆಗೆ ವಾರದ ತರಕಾರಿ ಬರುತ್ತದೆ. ಅದನ್ನು ತೊಳೆಸುವ ಖರ್ಚು ಬೇರೆ. ನಮ್ಮ ರೀಲುಗಳನ್ನೆಲ್ಲ ತೊಳೆಯುತ್ತಿದ್ದ ಸ್ಟೇಷನ್ ಬಳಿಯ ಸ್ಟುಡಿಯೋದಲ್ಲಿ ಈಗ ಪಾಸ್‌ಪೋರ್ಟ್ ಫೋಟೋ ಮತ್ತು ಝೆರಾಕ್ಸ್ ಮಾತ್ರ ಸಿಗುತ್ತವೆ. ಆದ್ದರಿಂದ ಮಾರುವುದೇ ಸರಿ ಎಂದು ಪ್ರತಿ ವರ್ಷ ತೀರ್ಮಾನವಾಗುತ್ತದೆ, ಮತ್ತು ಪ್ರತಿ ವರ್ಷ ನಾಲ್ಕನೆಯ ಮಹಡಿಯಿಂದ ರಾಯರು ಇಳಿದು ಬರುತ್ತಾರೆ.

ರಾಯರು ಧಾರವಾಡದ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು. "ಮಾರೂದಿದ್ರ ಮೊದಲ ನನಗ ಹೇಳ್ಬೇಕು ನೋಡು, ತಮ್ಮಾ" ಎಂದು ಅವರು ಎಂದೋ ಹೇಳಿಟ್ಟಿದ್ದಾರೆ. ಬೆಲೆಯನ್ನು ಮಾತ್ರ ಇಂದಿಗೂ ಹೇಳಿಲ್ಲ. ಭಾನುವಾರದ ಚಹಾ ಆಗುವಷ್ಟರಲ್ಲಿ ಅವರು ತಾವೇ ಕಪಾಟು ತೆರೆದು, ಡಬ್ಬಿಯ ಮುಚ್ಚಳ ಬಿಚ್ಚಿ, ಕ್ಯಾಮೆರಾವನ್ನು ಎರಡೂ ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ. ಬಳಿಕ ಲೆನ್ಸಿನ ಮುಚ್ಚಳ ತೆಗೆದು, ಅದನ್ನು ಬಾಯಿಯ ಹತ್ತಿರ ತಂದು, ನಾಭಿಯಿಂದ ಹೊರಟಂಥ ಒಂದು ದೀರ್ಘವಾದ "ಹಾ" ಬಿಡುತ್ತಾರೆ. ಅಡಕೆ, ಏಲಕ್ಕಿ ಮತ್ತು ಬೆಳಗಿನ ಉಪ್ಪಿಟ್ಟಿನ ಪರಿಮಳವುಳ್ಳ ಆ ಆವಿ ಗಾಜಿನ ಮೇಲೆ ಮಂಜಾಗಿ ಕೂರುತ್ತದೆ. ಅಂಗಿಯ ತುದಿಯಿಂದ ಒರೆಸುತ್ತಾರೆ. ಬೆಳಕಿಗೆ ಹಿಡಿದು ನೋಡುತ್ತಾರೆ. ತೃಪ್ತಿಯಾಗುವುದಿಲ್ಲ, ಇನ್ನೊಂದು "ಹಾ". ಇಡೀ ವರ್ಷ ನಾನು ಹರಳು ಹುರಿದು ಹೊರಹಾಕಿದ ತೇವವನ್ನು ಅವರು ಒಂದು ಭಾನುವಾರದಲ್ಲಿ ಬಡ್ಡಿಸಹಿತ ಮರಳಿ ತುಂಬುತ್ತಾರೆ. ಆಮೇಲೆ ಕೀಲಿ ತಿರುವಿ, ಅಡುಗೆಮನೆಯ ಬಾಗಿಲಿಗೆ ಗುರಿಯಿಟ್ಟು, ರೀಲಿಲ್ಲದ ಕ್ಯಾಮೆರಾದ ಗುಂಡಿಯನ್ನೊತ್ತಿ, ಆ "ಖಟಕ್" ಸದ್ದಿಗೆ ಕಣ್ಣು ಮುಚ್ಚಿಕೊಳ್ಳುತ್ತಾರೆ. "ಆವಾಜ್ ಅಂದ್ರ ಇದು! ಮೊಬೈಲಿಗೆ ಬರ್ತದೇನು?"

ಚಹಾ ಮುಗಿಸಿ ಹೊರಡುವಾಗ ಲೆನ್ಸಿನ ಮುಚ್ಚಳ ಅವರ ಅಂಗಿಯ ಜೇಬಿನಲ್ಲಿರುತ್ತದೆ. ಈ ಕ್ಯಾಮೆರಾದ ಶಟರ್ ಸಂಪೂರ್ಣ ಯಾಂತ್ರಿಕವಾದುದರಿಂದ ಬ್ಯಾಟರಿಯಿಲ್ಲದೆಯೂ ಅದು ನಡೆಯುತ್ತದೆ. ಬೆಳಕು ಅಳೆಯುವ ಮೀಟರಿಗೆ ಮಾತ್ರ ಒಂದು ಸಣ್ಣ ಎಲ್‌ಆರ್44 ಸೆಲ್ಲು ಬೇಕು. ಆ ಮೀಟರನ್ನು ಆರಿಸಲು ಸ್ವಿಚ್ಚಿಲ್ಲ. ಲೆನ್ಸಿನ ಮುಚ್ಚಳವೇ ಸ್ವಿಚ್ಚು: ಕತ್ತಲಾದರೆ ಮೀಟರು ಸುಮ್ಮನಾಗುತ್ತದೆ. ರಾಯರು ಮುಚ್ಚಳವನ್ನು ಜೇಬಿನಲ್ಲಿಟ್ಟುಕೊಂಡು ವಾರವಿಡೀ ತರಕಾರಿ ಮಾರುಕಟ್ಟೆ ಸುತ್ತುತ್ತಿರುವಾಗ, ನಮ್ಮ ಗಾಜಿನ ಕಪಾಟಿನೊಳಗೆ ಮೀಟರು ಹಗಲೆಲ್ಲ ಎಚ್ಚರವಾಗಿದ್ದು ಟ್ಯೂಬ್‌ಲೈಟಿನ ಬೆಳಕನ್ನು ಅಳೆಯುತ್ತಾ ಸೆಲ್ಲನ್ನು ತಿಂದು ಮುಗಿಸುತ್ತದೆ.

ಈ ಕ್ಯಾಮೆರಾದ ಜಾತಕವೂ ವಿಚಿತ್ರವಾದುದು. ಅಮೆರಿಕದ ಕೊಡಾಕ್ ಕಂಪನಿಯಲ್ಲಿ ಸ್ಟೀವ್ ಸ್ಯಾಸನ್ ಎಂಬ ಎಂಜಿನಿಯರ್ ಮೊದಲ ಡಿಜಿಟಲ್ ಕ್ಯಾಮೆರಾವನ್ನು ಜೋಡಿಸಿದ್ದು 1975ರಲ್ಲಿ. ಒಂದು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು. ಕೆ1000 ಮಾರುಕಟ್ಟೆಗೆ ಬಂದದ್ದು 1976ರಲ್ಲಿ. ಮರಣಶಾಸನ ಬರೆದಾದ ಮೇಲೆ ಹುಟ್ಟಿಯೂ ಅದು 1997ರವರೆಗೆ ತಯಾರಾಗುತ್ತಲೇ ಇತ್ತು. ಆ ಶಾಸನ ಬರೆದ ಕೊಡಾಕ್ ಕಂಪನಿಯೇ 2012ರ ಜನವರಿಯಲ್ಲಿ ದಿವಾಳಿತನದ ಅರ್ಜಿ ಹಾಕಿತು.

ಈ ಬಾರಿ ನಾನು ರಾಯರಿಗೆ ಸುದ್ದಿ ಕೊಡದೆಯೇ ಗಿರಾಕಿಯನ್ನು ಹುಡುಕಿದೆ. ಠಾಣೆಯ ಕಾಲೇಜು ಹುಡುಗನೊಬ್ಬ ಕಳೆದ ಭಾನುವಾರ ಬರುವುದೆಂದಾಯಿತು. ಹಿಂದಿನ ರಾತ್ರಿ ಸಾಲನ್ನು ಖಾಲಿ ಮಾಡುವಾಗ ನೆಗೆಟಿವ್‌ಗಳ ಕಟ್ಟು ಬಿಚ್ಚಿಕೊಂಡಿತು. ಒಂದು ಪಟ್ಟಿಯನ್ನು ದೀಪಕ್ಕೆ ಹಿಡಿದರೆ ಎಲಿಫೆಂಟಾಕ್ಕೆ ಹೋಗುವ ದೋಣಿ, ಅದರಲ್ಲಿ ಅಮ್ಮ. ಆಕೆ ಬಾಯ್ತುಂಬ ನಗುತ್ತಿರುವ ಒಂದೇ ಚಿತ್ರ ನಮ್ಮಲ್ಲಿರುವುದು, ಮತ್ತು ಅದರಲ್ಲಿ ಗಾಳಿಗೋ ಬಿಸಿಲಿಗೋ ಆಕೆಯ ಕಣ್ಣು ಮುಚ್ಚಿಹೋಗಿವೆ. ಮೊಬೈಲಿನ ಕಾಲದಲ್ಲಾಗಿದ್ದರೆ ಆ ಚಿತ್ರವನ್ನು ದೋಣಿಯಲ್ಲಿಯೇ ಅಳಿಸಿ, ಕಣ್ಣು ತೆರೆದು ಗಂಭೀರವಾಗಿ ಕುಳಿತ ಹತ್ತು ಚಿತ್ರಗಳನ್ನು ಇಟ್ಟುಕೊಳ್ಳುತ್ತಿದ್ದೆವು. ಅಂದು ರೀಲಿನಲ್ಲಿ ಉಳಿದದ್ದೇ ಕೆಲವು ಚಿತ್ರಗಳಾದ್ದರಿಂದ ಇನ್ನೊಮ್ಮೆ ತೆಗೆಯುವ ಧಾರಾಳತನ ಯಾರಿಗೂ ಇರಲಿಲ್ಲ. ನೆಗೆಟಿವ್‌ಗಳನ್ನು ಮಾರುವುದಿಲ್ಲವೆಂದು ಹೆಂಡತಿಗೆ ಹೇಳಿದೆ. ಅವಳು ಅದನ್ನು ಮೊದಲೇ ತನ್ನ ಸೀರೆಗಳ ನಡುವೆ ಎತ್ತಿಡಲು ಜಾಗ ಮಾಡಿದ್ದಳು.

ಹುಡುಗ ಬಂದ. ಲೆನ್ಸಿನ ಹಿಂದಿನಿಂದ ಮೊಬೈಲಿನ ಟಾರ್ಚು ಬಿಟ್ಟು ನೋಡಿ, ಒಳಗಿನ ಗಾಜಿನ ಮೇಲೆ ಬಿಳಿಯ ನೂಲಿನಂತೆ ಹಬ್ಬಿದ್ದ ಫಂಗಸನ್ನು ವಿನಯದಿಂದ ತೋರಿಸಿದ. ಅಷ್ಟರಲ್ಲಿ ಯಾರು ಹೇಳಿದರೋ, ರಾಯರು ಬಾಗಿಲಲ್ಲಿದ್ದರು. ಸಂಗತಿ ತಿಳಿದವರೇ, ಮುಂಬಯಿಯ ತೇವದ ಗಾಳಿಯಲ್ಲಿ ಫಂಗಸ್ ಹೇಗೆ ಬೆಳೆಯುತ್ತದೆ, ಅದರ ಆಮ್ಲ ಗಾಜಿನ ಲೇಪವನ್ನು ಹೇಗೆ ಕೊರೆಯುತ್ತದೆ ಎಂದು ಆ ಹುಡುಗನಿಗೆ ಮರಾಠಿಯಲ್ಲಿ ಉಪನ್ಯಾಸ ಆರಂಭಿಸಿದರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಿತ್ತಲ್ಲ, ಈ ತೇವ ಅಂದೇ ಒಳಹೊಕ್ಕಿರಬೇಕೆಂದು ತೀರ್ಪಿತ್ತರು. ತೀರ್ಪು ಕೊಡುತ್ತಲೇ ಅವನ ಕೈಯಿಂದ ಲೆನ್ಸನ್ನು ತೆಗೆದುಕೊಂಡು ಬಾಯಿಯ ಹತ್ತಿರ ಒಯ್ದು "ಹಾ" ಎಂದರು.

ಹುಡುಗ ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ. ಲೆನ್ಸ್ ಬೇಡ, ಬಾಡಿಯನ್ನಷ್ಟೇ ಒಯ್ಯುತ್ತೇನೆಂದು ಅವನು ಮೆಲ್ಲಗೆ ಹೇಳಿದಾಗ ರಾಯರು ನನ್ನತ್ತ ತಿರುಗಿ, "ನೇತ್ರದಾನ ಸತ್ತ ಮ್ಯಾಲೆ ಮಾಡ್ತಾರ, ತಮ್ಮಾ! ಇದಿನ್ನೂ ಜೀವಂತ ಅದ!" ಎಂದು ಗದರಿಸಿದರು. ಕನ್ನಡ ಬಾರದ ಹುಡುಗನಿಗೆ ಇಲ್ಲಿ ವ್ಯವಹಾರ ಕುದುರುವುದಿಲ್ಲವೆಂಬುದು ಮಾತ್ರ ಅರ್ಥವಾಯಿತು. ಅವನು ಚಹಾ ಕುಡಿದು ರೈಲಿಗೆ ಹೋದ.

ಬಾಗಿಲು ಮುಚ್ಚಿ ಬಂದ ನನ್ನ ಹೆಂಡತಿ ಕ್ಯಾಮೆರಾವನ್ನೂ ಡಬ್ಬಿಯನ್ನೂ ಹುರಿದ ಹರಳಿನ ಚೀಲವನ್ನೂ ಒಟ್ಟಿಗೆ ರಾಯರ ಮುಂದಿಟ್ಟು, "ಕಾಕಾ, ನೀವ ತಗೊಂಡು ಹೋಗ್ರಿ. ರೊಕ್ಕಾನೂ ಬ್ಯಾಡ" ಎಂದಳು.

ರಾಯರು ಗಾಬರಿಯಿಂದ ಎದ್ದು ನಿಂತರು. "ನಮ್ಮನಿಗಾ? ಏನ್ ಮಾತಾಡ್ತೀ, ತಂಗೀ? ನಮ್ಮದು ಮ್ಯಾಲಿನ ಮಜಲಿ, ಛತ್ತು ಸೋರ್ತದ. ಫಂಗಸ್ ಬರ್ತದ!"