ಲೀಸ್ ವಿಸ್ತರಣೆಗೆ ‘ಮ್ಯಾರೇಜ್ ವ್ಯಾಲ್ಯೂ’ ತೆಗೆದುಹಾಕುವುದು ಸರಿಯೇ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫ್ಲಾಟ್ ಕೊಂಡರೆ ಸಾಮಾನ್ಯವಾಗಿ ಅದು ನಿಮ್ಮದಾಗುವುದು ಇಂತಿಷ್ಟು ವರ್ಷಕ್ಕೆ ಮಾತ್ರ, ಲೀಸ್ ಮೇಲೆ. ನೆಲ, ಕಟ್ಟಡ ಮೂಲ ಮಾಲೀಕನದು, ಅಂದರೆ ಫ್ರೀಹೋಲ್ಡರ್‌ದು. ಲೀಸ್ ಸವೆದಂತೆ ದುಡ್ಡು ಕೊಟ್ಟು ವಿಸ್ತರಿಸಿಕೊಳ್ಳಬೇಕು. ಉಳಿದ ಅವಧಿ 80 ವರ್ಷ ಅಥವಾ ಅದಕ್ಕಿಂತ ಕಡಿಮೆ ಆದರೆ ‘ಮ್ಯಾರೇಜ್ ವ್ಯಾಲ್ಯೂ’ ಅನ್ನುವುದೂ ಬಿಲ್‌ಗೆ ಸೇರುತ್ತದೆ. ವಿಸ್ತರಣೆಯಿಂದ ಹುಟ್ಟುವ ಲಾಭದಲ್ಲಿ ಅರ್ಧ ಫ್ರೀಹೋಲ್ಡರ್‌ಗೆ ಹೋಗುತ್ತದೆ. 2024ರ ಮೇ 24ರಂದು ಕಾನೂನಾದ ಸುಧಾರಣಾ ಕಾಯ್ದೆ ಇದನ್ನು ತೆಗೆದುಹಾಕುತ್ತದೆ. ಆದರೆ ಆ ಭಾಗ ಅಂದೇ ಜಾರಿಗೆ ಬರಲಿಲ್ಲ.

ಪರ: ತೆಗೆಯಲೇಬೇಕು

ಲೆಕ್ಕವನ್ನೇ ನೋಡೋಣ. ಉದ್ದದ ಲೀಸ್ ಇದ್ದರೆ 3 ಲಕ್ಷ ಪೌಂಡ್ ಬಾಳುವ ಫ್ಲಾಟ್ ಅಂದುಕೊಳ್ಳಿ. ಉಳಿದಿರುವುದು 75 ವರ್ಷ, ಫ್ರೀಹೋಲ್ಡರ್‌ಗೆ ಕಟ್ಟುವ ನೆಲಬಾಡಿಗೆ, ಅಂದರೆ ಗ್ರೌಂಡ್ ರೆಂಟ್, ವರ್ಷಕ್ಕೆ 100 ಪೌಂಡ್. ಅವಧಿ ಮುಗಿದಾಗ ಫ್ಲಾಟ್ ಫ್ರೀಹೋಲ್ಡರ್ ಕೈಗೆ ವಾಪಸ್ ಹೋಗಬೇಕಿತ್ತಲ್ಲ, ಆ ಹಕ್ಕಿಗೆ ಇವತ್ತಿನ ಬೆಲೆ ಕಟ್ಟುತ್ತಾರೆ. ರೂಢಿಯ ಶೇ. 5ರ ದರ ಹಿಡಿದರೆ ಸುಮಾರು 7,700 ಪೌಂಡ್. ಕೈತಪ್ಪುವ ಗ್ರೌಂಡ್ ರೆಂಟಿಗೆ ಇನ್ನೊಂದು 1,400. ಒಟ್ಟು 9,100. ಇದನ್ನು ಕೊಡೋಣ, ತಕರಾರಿಲ್ಲ.

ಈಗ ಇನ್ನೊಂದು ಭಾಗ, ಮ್ಯಾರೇಜ್ ವ್ಯಾಲ್ಯೂ. 75 ವರ್ಷದ ಲೀಸ್ ಇರುವಾಗ ಆ ಫ್ಲಾಟ್ 2,73,000ಕ್ಕೆ ಹೋಗುತ್ತದೆ ಅನ್ನಿ. ವಿಸ್ತರಿಸಿದರೆ 27,000 ಏರುತ್ತದೆ. ಅದರಲ್ಲಿ 9,100 ಕಳೆದು, ಉಳಿದದ್ದರಲ್ಲಿ ಅರ್ಧ, ಅಂದರೆ ಸುಮಾರು 8,950 ಪೌಂಡ್, ಫ್ರೀಹೋಲ್ಡರ್‌ಗೆ. ಬಿಲ್ ಹೆಚ್ಚುಕಡಿಮೆ ಎರಡರಷ್ಟಾಯಿತು! ಇದಕ್ಕಾಗಿ ಆತ ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿಲ್ಲ. ಆತನ ನಷ್ಟ 9,100ರಲ್ಲೇ ತುಂಬಿತ್ತು. ಸಾಲದ್ದಕ್ಕೆ, ಲೀಸ್ ವಿಸ್ತರಣೆಯ ಹಕ್ಕು ಕೊಟ್ಟ 1993ರ ಕಾಯ್ದೆಯ ಪ್ರಕಾರ ಆತನ ವಕೀಲರ, ವ್ಯಾಲ್ಯುಯರ್ (ಬೆಲೆ ಕಟ್ಟುವವರ) ಫೀಸನ್ನೂ ಫ್ಲಾಟಿನವರೇ ಕಟ್ಟಬೇಕು.

ಆ 2,73,000 ಅನ್ನುವ ಅಂಕಿಯೇ ಜಗಳದ ಮೂಲ. ಎರಡೂ ಕಡೆಯ ವ್ಯಾಲ್ಯುಯರ್‌ಗಳು ತಮ್ಮ ತಮ್ಮ ಕಡೆಗೆ ಎಳೆಯುತ್ತಾರೆ, ಒಪ್ಪದಿದ್ದರೆ ಟ್ರಿಬ್ಯುನಲ್.

ಇನ್ನು 80ರ ಗೆರೆ. ವಿಸ್ತರಣೆ ಬೇಕು ಅಂತ ನೋಟಿಸ್ ಕೊಟ್ಟ ದಿನ ಎಷ್ಟು ವರ್ಷ ಉಳಿದಿದೆಯೋ ಅದೇ ಲೆಕ್ಕ. ಇಂಡಿಯಾದಿಂದ ಹೋಗಿ ಮೊದಲ ಸಲ ಫ್ಲಾಟ್ ಕೊಳ್ಳುವವರ ಕಣ್ಣು ಬೆಡ್‌ರೂಮಿನ ಮೇಲೆ, ಸ್ಟೇಷನ್ ಎಷ್ಟು ದೂರ ಅನ್ನುವುದರ ಮೇಲೆ. ಜಾಹೀರಾತಿನ ಕೊನೆಯ ‘ಲೀಸ್: 81 ವರ್ಷ’ ಯಾರಿಗೆ ಕಾಣುತ್ತದೆ? 2025ರ ಜನವರಿ 31ರವರೆಗೆ ಇನ್ನೂ ಕಷ್ಟ ಇತ್ತು. ಕೊಂಡು 2 ವರ್ಷ ಆಗದೆ ವಿಸ್ತರಣೆಯ ಹಕ್ಕೇ ಇರಲಿಲ್ಲ. ಕಾಯುವಷ್ಟರಲ್ಲಿ 81 ಇದ್ದದ್ದು 79!

ಲೀಸ್ ತೀರಾ ಸವೆದರೆ ಬ್ಯಾಂಕ್ ಸಾಲ ಕೊಡಲು ಹಿಂದೇಟು ಹಾಕುತ್ತದೆ. ವಿಸ್ತರಣೆ ಮಾರುವವನು ಒಬ್ಬನೇ, ಬೇರೆ ಅಂಗಡಿ ಇಲ್ಲ. ಇದನ್ನು ವ್ಯಾಪಾರ ಅನ್ನುವುದು ಹೇಗೆ?

ವಿರೋಧ: ಹಳೆಯ ಕರಾರಿಗೆ ಕೈ ಹಾಕಬೇಡಿ

ಆ 27,000ವನ್ನೇ ತಿರುಗಿಸಿ ನೋಡಿ. 75 ವರ್ಷದ ಲೀಸ್ ಉಳಿದ ಫ್ಲಾಟ್ ಕೊಂಡವರು ಅಷ್ಟು ಕಡಿಮೆ ಕೊಟ್ಟೇ ಕೊಂಡಿದ್ದಾರೆ. ಅಗ್ಗಕ್ಕೆ ಕೊಂಡು, ಆಮೇಲೆ ಪೂರ್ತಿ ಬೆಲೆ ನನ್ನದು ಅಂದರೆ ಹೇಗೆ? ಫ್ರೀಹೋಲ್ಡ್ ಕೊಂಡವರು ಕೂಡ ಈ ಪಾಲು ಬರುತ್ತದೆ ಅಂತ ಎಣಿಸಿಯೇ ದುಡ್ಡು ಹಾಕಿರುತ್ತಾರೆ. ಹೆಚ್ಚುವ ಬೆಲೆ ಒಬ್ಬರಿಂದಲೇ ಹುಟ್ಟುವುದಲ್ಲ, ಎರಡೂ ಹಕ್ಕು ಸೇರಿದಾಗ ಹುಟ್ಟುವುದು. ಅರ್ಧರ್ಧ ಹಂಚಿಕೊಂಡರೆ ಅದು ಲೂಟಿಯಲ್ಲ.

ಫ್ರೀಹೋಲ್ಡರ್ ಅಂದರೆ ಬರೀ ಡ್ಯೂಕ್‌ಗಳಲ್ಲ. ಜಾನ್ ಲಯನ್ಸ್ ಚಾರಿಟಿಗೆ ಸೇಂಟ್ ಜಾನ್ಸ್ ವುಡ್‌ನ ಆಸ್ತಿಯಿಂದ ವರಮಾನ ಬರುತ್ತದೆ, ಅದು ಲಂಡನ್ ಮಕ್ಕಳಿಗಾಗಿ ಖರ್ಚಾಗುತ್ತದೆ. ಇತ್ತ, ಲಾಭ ಪಡೆಯುವವರೆಲ್ಲ ಆ ಫ್ಲಾಟಿನಲ್ಲೇ ಬಾಳುವ ಬಡಪಾಯಿಗಳೂ ಅಲ್ಲ. ಬಾಡಿಗೆಗೆ ಬಿಟ್ಟ ಹೂಡಿಕೆದಾರನಿಗೂ ಅಷ್ಟೇ ರಿಯಾಯಿತಿ. ನನಗೆ ಜಾಸ್ತಿ ಚುಚ್ಚುವುದು ಇದೇ.

ಆ ಚಾರಿಟಿಯೂ ಸೇರಿ ಕೆಲವು ಫ್ರೀಹೋಲ್ಡರ್‌ಗಳು 2024ರ ಕಾಯ್ದೆಯ ವಿರುದ್ಧ ಹೈಕೋರ್ಟಿಗೆ ಹೋಗಿ 2025ರ ಅಕ್ಟೋಬರ್‌ನಲ್ಲಿ ಸೋತರು, ನಿಜ. 1986ರಲ್ಲಿ ಯುರೋಪಿನ ಮಾನವ ಹಕ್ಕು ಕೋರ್ಟ್ ಇರುವ ಸ್ಟ್ರಾಸ್‌ಬರ್ಗ್‌ನಲ್ಲಿ ವೆಸ್ಟ್‌ಮಿನ್‌ಸ್ಟರ್ ಡ್ಯೂಕ್‌ನ ಟ್ರಸ್ಟಿಗಳೂ ಇಂಥದ್ದೇ ಕೇಸಿನಲ್ಲಿ ಸೋತಿದ್ದರು. ಆದರೆ ಕೋರ್ಟ್ ನೋಡಿದ್ದು ಪಾರ್ಲಿಮೆಂಟಿಗೆ ಅಧಿಕಾರ ಇದೆಯಾ ಅಂತ. ಅಧಿಕಾರ ಇದ್ದ ಮಾತ್ರಕ್ಕೆ ಮಾಡಲೇಬೇಕಾ?

2022ರ ಜೂನ್ 30ರಿಂದ ಹೆಚ್ಚಿನ ಹೊಸ ಲೀಸ್‌ಗಳಲ್ಲಿ ಗ್ರೌಂಡ್ ರೆಂಟ್ ನಿಲ್ಲಿಸಿದರು. ಮುಂದಿನ ಕರಾರಿಗೆ ಹೊಸ ನಿಯಮ, ಅದು ಒಪ್ಪುವ ಮಾತು. ಹಾಗೆಯೇ ಇಲ್ಲೂ ದಾರಿಯಿದೆ. ಲೆಕ್ಕದ ದರಗಳನ್ನು ಸರ್ಕಾರವೇ ನಿಗದಿ ಮಾಡಲಿ, ಅವರವರ ಫೀಸ್ ಅವರವರೇ ಕಟ್ಟಲಿ. ಅರ್ಧ ಪಾಲು ಮಾತ್ರ ಇರಲಿ.