ಏನೂ ಆಗಲ್ಲ, ಆ ಕೆಂಪು ಹಿಡಿ ಎಲ್ಲಿದೆ ತೋರಿಸು

ವಿಮಾನದಿಂದ ಹಾರುವವರನ್ನು ಜನ ಎರಡೇ ಗುಂಪಿಗೆ ಸೇರಿಸುತ್ತಾರೆ. ಒಂದು, ಗಂಡೆದೆಯ ವೀರರು. ಇನ್ನೊಂದು, ತಲೆ ಕೆಟ್ಟವರು. ಹತ್ತಿರದಿಂದ ನೋಡಿದ ಮೇಲೆ ನನಗೆ ಎರಡೂ ಸರಿ ಅನ್ನಿಸಿಲ್ಲ. ಸ್ಕೈಡೈವರ್‌ಗಳಷ್ಟು ಅನುಮಾನದ ಪ್ರಾಣಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಪ್ಯಾರಾಚೂಟಿನ ಚೀಲ ಬೆನ್ನಿಗೇರಿಸುವ ಮೊದಲು ಒಂದು ಸಲ ತಪಾಸಣೆ. ವಿಮಾನ ಹತ್ತುವ ಮೊದಲು ಇನ್ನೊಂದು ಸಲ. ಬಾಗಿಲು ತೆರೆಯುವ ಮೊದಲು ಮತ್ತೊಂದು ಸಲ. ತಮ್ಮದು ಮುಗಿಯಿತೋ, ಪಕ್ಕದವರದ್ದು ಶುರು. ಪರಿಚಯವೇ ಇಲ್ಲದವರು ಬಂದು ನಿಮ್ಮ ಎದೆಯ ಪಟ್ಟಿ ಎಳೆದು, ತೊಡೆಯ ಪಟ್ಟಿ ಜಗ್ಗಿ, ಬೆನ್ನ ಹಿಂದೆ ಮುಚ್ಚಳ ಎತ್ತಿ, ಚೀಲವನ್ನು ಮುಚ್ಚಿ ಹಿಡಿದಿರುವ ಪಿನ್ ಇಣುಕಿ ನೋಡಿ, 'ಹೂಂ' ಅಂದು ಹೋಗುತ್ತಾರೆ. ಹೆಸರು ಆಮೇಲೆ ಕೇಳುತ್ತಾರೆ.

ಧೈರ್ಯ ಹೇಳುವ ರೀತಿಯೂ ಹಾಗೇ. ಹೊಸಬರ ಮುಖ ಬಿಳಿಚಿಕೊಂಡಿದ್ದರೆ ಬೇರೆ ಕಡೆ ಜನ 'ನೀನು ಮಾಡ್ತೀಯ, ನಿನ್ನಿಂದ ಆಗುತ್ತೆ' ಅನ್ನುತ್ತಾರೆ, ಅಲ್ವಾ? ಇಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರು ಬೆನ್ನು ತಟ್ಟಿ, "ಏನೂ ಆಗಲ್ಲ" ಅಂದರು. ನನಗೆ ಸ್ವಲ್ಪ ಜೀವ ಬಂತು. ಅದೇ ಉಸಿರಿನಲ್ಲಿ, "ಆ ಕೆಂಪು ಹಿಡಿ ಎಲ್ಲಿದೆ ತೋರಿಸು" ಅಂದರು. ಬಂದ ಜೀವ ವಾಪಸು ಹೋಯಿತು.

ಕೆಂಪು ಹಿಡಿ ಅಂದರೆ ಕೈಕೊಟ್ಟ ಪ್ಯಾರಾಚೂಟನ್ನು ಕಳಚಿ ಬಿಡುವ ಹಿಡಿ. ಸಾಮಾನ್ಯವಾಗಿ ಬಲಗಡೆ ಎದೆಯ ಹತ್ತಿರ ಇರುತ್ತದೆ. ಎಡಗಡೆಯ ಬೆಳ್ಳಿ ಬಣ್ಣದ ಹಿಡಿ ಎಳೆದರೆ ರಿಸರ್ವ್, ಅಂದರೆ ಆಪತ್ತಿಗೆಂದು ಇಟ್ಟ ಎರಡನೇ ಪ್ಯಾರಾಚೂಟ್, ತೆರೆಯುತ್ತದೆ. ಮೊದಲು ಕೆಂಪು, ಆಮೇಲೆ ಬೆಳ್ಳಿ. ತರಬೇತಿಯಲ್ಲಿ ನಮ್ಮನ್ನು ಚಾವಣಿಗೆ ನೇತುಹಾಕಿ ಇದನ್ನೇ ಮತ್ತೆ ಮತ್ತೆ ಮಾಡಿಸಿದರು. ನನ್ನ ಜೊತೆಗಿದ್ದ ಹುಡುಗ ಗಾಬರಿಯಲ್ಲಿ ಬೆಳ್ಳಿಯನ್ನು ಮೊದಲು ಎಳೆದ. ಇನ್‌ಸ್ಟ್ರಕ್ಟರ್ ಬೈಯಲಿಲ್ಲ. "ಈಗ ನಿನ್ನ ಒಳ್ಳೆಯ ಪ್ಯಾರಾಚೂಟ್ ಹೋಗಿ ಕೆಟ್ಟ ಪ್ಯಾರಾಚೂಟಿಗೆ ಸುತ್ತಿಕೊಂಡಿದೆ" ಅಂತ ಹವಾಮಾನ ವರದಿ ಓದುವ ದನಿಯಲ್ಲಿ ಹೇಳಿದರು. "ಪರವಾಗಿಲ್ಲ, ನೆಲ ಇಲ್ಲೇ ಒಂದು ಅಡಿ ಕೆಳಗಿದೆ. ಇನ್ನೊಂದು ಸಲ ಮಾಡು." ಆ ಹುಡುಗ ಅವತ್ತು ಊಟ ಮಾಡುವಾಗಲೂ ಬಲಗೈ ಎದೆಗೆ, ಎಡಗೈ ಎದೆಗೆ ಒಯ್ಯುತ್ತಿದ್ದ. ನೋಡಿದವರು ಏನೋ ಹರಕೆ ಹೊತ್ತಿದ್ದಾನೆ ಅಂದುಕೊಂಡಿರಬೇಕು.

ವಿಮಾನದ ಒಳಗಿನ ಕಥೆ ಬೇರೆ. ಸೀಟು ಗೀಟು ಅಂತ ಹೆಚ್ಚೇನೂ ನಿರೀಕ್ಷೆ ಇಟ್ಟುಕೊಳ್ಳಬಾರದು. ನೆಲದ ಮೇಲೋ ಉದ್ದ ಬೆಂಚಿನ ಮೇಲೋ ಒಬ್ಬರ ಕಾಲ ಸಂದಿಯಲ್ಲಿ ಇನ್ನೊಬ್ಬರು ಕೂರಬೇಕು. ಹಾರುವುದು ಸಾಮಾನ್ಯವಾಗಿ 13,000 ಅಡಿಯ ಆಸುಪಾಸಿನಿಂದ. ಅಲ್ಲಿಗೆ ಏರುವವರೆಗೆ ಮಾಡಲು ಕೆಲಸವಿಲ್ಲ. ಆದರೆ ಪ್ರಕೃತಿ ಸುಮ್ನೆ ಇರುವುದಿಲ್ಲ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಶೇಕಡಾ 60ರಷ್ಟಕ್ಕೆ ಇಳಿದಿರುತ್ತದೆ. ಒತ್ತಡ ಇಳಿದರೆ ಅನಿಲ ಹಿಗ್ಗುತ್ತದೆ. ಬಾಯ್ಲನ ನಿಯಮವನ್ನು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದು ಹೊಟ್ಟೆಯೊಳಗಿನ ಗಾಳಿಗೂ ಅನ್ವಯಿಸುತ್ತದೆ ಅಂತ ಮೇಷ್ಟ್ರು ಹೇಳಿರಲಿಲ್ಲ. ಹತ್ತಾರು ಜನ, ಮುಚ್ಚಿದ ಬಾಗಿಲು, ಎಲ್ಲರಿಗೂ ಒಳಗೊಳಗೇ ಹೆದರಿಕೆ. ಯಾರೂ ಒಪ್ಪಿಕೊಳ್ಳುವುದಿಲ್ಲ, ಎಲ್ಲರೂ ಕಿಟಕಿಯ ಕಡೆ ತುಂಬಾ ಆಸಕ್ತಿಯಿಂದ ನೋಡುತ್ತಾರೆ. 'ಚೆನ್ನಾಗಿ ಹಾರುತ್ತಿರುವ ವಿಮಾನದಿಂದ ಯಾಕ್ರೀ ಹೊರಗೆ ಜಿಗಿಯುತ್ತೀರಿ?' ಅಂತ ಕೇಳುವವರು ಆ ಕಾಲು ಗಂಟೆ ನಮ್ಮ ಜೊತೆ ಕೂತು ನೋಡಲಿ. ಬಾಗಿಲು ತೆರೆದ ಕೂಡಲೇ ಉತ್ತರ ತಾನಾಗಿ ಸಿಗುತ್ತದೆ.

ತೆರೆಯುವ ಮುಂಚೆ ಒಂದು ಶಾಸ್ತ್ರ ಇದೆ. ಎಲ್ಲರೂ ಎಲ್ಲರ ಜೊತೆ ಅಂಗೈ ಸವರಿ, ಮುಷ್ಟಿಗೆ ಮುಷ್ಟಿ ತಾಗಿಸುತ್ತಾರೆ. ಒಬ್ಬರನ್ನೂ ಬಿಡುವಂತಿಲ್ಲ. ಹತ್ತು ನಿಮಿಷದ ಹಿಂದೆ ಬೆಂಚಿನ ಜಾಗಕ್ಕೆ ಜಗಳವಾಡಿದ್ದ ಇಬ್ಬರು ಕೂಡ ಕೈ ಚಾಚುತ್ತಾರೆ. ನನಗಂತೂ ಈ ಶಾಸ್ತ್ರದ ಮೇಲೆ ಪ್ರೀತಿ ಜಾಸ್ತಿ. ಅಷ್ಟು ಹೊತ್ತಿಗೆ ಬಾಯಿ ಒಣಗಿ ಮಾತು ಹೊರಡುವುದಿಲ್ಲ. ಮುಷ್ಟಿಯಾದರೂ ಇದೆಯಲ್ಲ.

ಕಲಿಯುವವರಿಗೆ ಮೊದಮೊದಲು ಇಬ್ಬರು ಇನ್‌ಸ್ಟ್ರಕ್ಟರ್‌ಗಳು ಎಡಕ್ಕೊಬ್ಬರು ಬಲಕ್ಕೊಬ್ಬರು ಹಿಡಿದುಕೊಂಡು ಜೊತೆಗೇ ಹಾರುತ್ತಾರೆ. ಹತ್ತು ಹನ್ನೆರಡು ಸೆಕೆಂಡಿನಲ್ಲಿ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್ ಮುಟ್ಟುತ್ತದೆ. ಆ ಗಾಳಿಯಲ್ಲಿ ಎಷ್ಟು ಕೂಗಿದರೂ ಕೇಳಿಸುವುದಿಲ್ಲ. ಹಾಗಾಗಿ ಎಲ್ಲ ಪಾಠವೂ ಕೈಸನ್ನೆಯಲ್ಲೇ. ಎರಡು ಬೆರಳು ನೀಡಿದರೆ ಕಾಲು ಚಾಚು ಅಂತ. ಕೈ ಅಲ್ಲಾಡಿಸಿದರೆ ಮೈ ಸಡಿಲ ಬಿಡು ಅಂತ. ನನಗೆ ಮೇಲಿನಿಂದ ಕೆಳಗಿನವರೆಗೂ ಸಿಕ್ಕಿದ್ದು ಎರಡನೆಯದೇ. ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಶಕ್ತಿಮೀರಿ ಮೈ ಸಡಿಲ ಬಿಡಲು ಹೆಣಗಿದೆ. ಕೊನೆಗೆ ಬಲಗಡೆಯವರಿಗೇ ಕೈ ಸೋತಿರಬೇಕು, ಅವರು ನಕ್ಕುಬಿಟ್ಟರು. ಅವರು ನಕ್ಕಿದ್ದು ನೋಡಿ ನನಗೂ ನಗು ಬಂತು. ಅಷ್ಟರಲ್ಲಿ ಮೈ ಸಡಿಲವಾಗಿತ್ತು. ಮುಂದಿನ ಹಂತಗಳಲ್ಲಿ ಒಬ್ಬರು ಬಿಡುತ್ತಾರೆ, ಆಮೇಲೆ ಇನ್ನೊಬ್ಬರು. ಕೈಬಿಟ್ಟಾಗ ಖುಷಿಪಡುವ ಸ್ನೇಹ ಇದೊಂದೇ ಇರಬೇಕು.

ಕೆಳಗೆ ಬಂದ ಮೇಲೆ ಎಲ್ಲರೂ ಸೇರಿ ವಿಡಿಯೊ ನೋಡುತ್ತಾರೆ. ನನ್ನ ಕೆನ್ನೆಗಳು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು. ಒಂದು ಕೆನ್ನೆ ಕಿವಿಯವರೆಗೆ ಹೋಗಿ ಬಂತು. ಕೋಣೆಯಲ್ಲಿ ನಗುವೋ ನಗು. ಹಿರಿಯರು ಮಾತ್ರ ನಗದೆ, ವಿಡಿಯೊ ಹಿಂದಕ್ಕೆ ಹಾಕಿ ಹಾಕಿ ನೋಡಿದರು. "ಎಡಗಾಲು ನಿನ್ನದೇನಾ?" ಅಂದರು. ಬಲಗಾಲು ಪಾಠದ ಪ್ರಕಾರ ಇತ್ತು, ಎಡಗಾಲು ಯಾರದೋ ಮಾತು ಕೇಳುತ್ತಿತ್ತು. ಆ ಎಡಗಾಲಿಗಾಗಿ ಅವರು ಸಂಜೆ ನನ್ನನ್ನು ಒಂದು ಮೇಜಿನ ಮೇಲೆ ಮಕಾಡೆ ಮಲಗಿಸಿ, ಕತ್ತಲಾಗುವವರೆಗೆ ಕಾಲು ಹಿಡಿದು ತಿದ್ದಿದರು. ಬಿಟ್ಟಿ ಕೆಲಸ. ಅವರೇನೂ ನನ್ನ ಇನ್‌ಸ್ಟ್ರಕ್ಟರ್ ಅಲ್ಲ.

ಪ್ಯಾರಾಚೂಟ್ ತೆರೆದ ಮೇಲೆ ಕಲಿಯುವವರಿಗೆ ರೇಡಿಯೊ ದಾರಿ ತೋರಿಸುತ್ತದೆ. ಅದರಲ್ಲಿ ಕೇಳಿಸಿಕೊಳ್ಳಬಹುದು, ಮಾತಾಡುವಂತಿಲ್ಲ. "ಹಳದಿ ಪ್ಯಾರಾಚೂಟ್, ಎಡಕ್ಕೆ" ಅಂತ ಕೆಳಗಿನಿಂದ ದನಿ ಬಂತು. ತಲೆ ಎತ್ತಿ ನೋಡಿದೆ. ನನ್ನದು ಅರ್ಧ ಹಳದಿ, ಅರ್ಧ ಹಸಿರು. ಪಕ್ಕದ ಆಕಾಶದಲ್ಲಿ ಆ ಬೆಳ್ಳಿ ಹಿಡಿಯ ಹುಡುಗ ಇದ್ದ. ಅವನದ್ದೂ ಅರ್ಧ ಹಸಿರು, ಅರ್ಧ ಹಳದಿ. ಇಬ್ಬರೂ ವಿಧೇಯರಾಗಿ ಎಡಕ್ಕೆ ತಿರುಗಿದೆವು. "ನೀನಲ್ಲ!" ಅಂತ ರೇಡಿಯೊ ಕಿರುಚಿತು. ಇಬ್ಬರೂ ವಿಧೇಯರಾಗಿ ನಿಲ್ಲಿಸಿದೆವು. ಕೊನೆಗೆ ಅವರು ಕಾಲು ಅಲ್ಲಾಡಿಸಿ ತೋರಿಸು ಅಂದರು, ಹಾಗೆ ಲೆಕ್ಕ ಹತ್ತಿತು. ನೆಲ ಮುಟ್ಟುವಾಗ ಎಡವಟ್ಟಾದರೆ ಹೇಗೆ ಬೀಳಬೇಕು ಅನ್ನುವುದಕ್ಕೂ ಕ್ರಮ ಇದೆ. ಐದು ಜಾಗ ಒಂದಾದ ಮೇಲೊಂದು ತಾಗಬೇಕು: ಪಾದ, ಮೀನಖಂಡ, ತೊಡೆ, ಕುಂಡೆ, ಬೆನ್ನಿನ ಪಕ್ಕ. ನಾನು ಆರನೆಯದನ್ನೂ ಸೇರಿಸಿದೆ, ಮೂಗು. ಮಣ್ಣು ಮುಕ್ಕಿ ಎದ್ದು ನಿಂತರೆ ಸುತ್ತ ಚಪ್ಪಾಳೆ. ಗೇಲಿಗೋ ಮೆಚ್ಚುಗೆಗೋ ಗೊತ್ತಾಗಲಿಲ್ಲ. ಇಲ್ಲಿ ಎರಡಕ್ಕೂ ಒಂದೇ ಚಪ್ಪಾಳೆ.

ಪ್ಯಾರಾಚೂಟ್ ಮಡಚುವುದನ್ನೂ ಕಲಿಯಬೇಕು. ರಿಸರ್ವ್ ಮಡಚಲು ಲೈಸೆನ್ಸ್ ಇರುವ ರಿಗ್ಗರ್, ಅಂದರೆ ಪ್ಯಾರಾಚೂಟ್ ಮಡಚುವ, ರಿಪೇರಿ ಮಾಡುವ ತಜ್ಞ, ಬೇಕು, ಮುಖ್ಯ ಪ್ಯಾರಾಚೂಟನ್ನು ಹಾರುವವರೇ ಮಡಚಿಕೊಳ್ಳಬಹುದು. ಹೊಸ ನೈಲಾನ್ ಜಾರುತ್ತದೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆಯಿಂದ ಉಬ್ಬಿ ಬರುತ್ತದೆ. ನಾನು ಅದರ ಮೇಲೆ ಮಲಗಿದೆ, ಮೊಣಕಾಲೂರಿದೆ, ಬೇಡಿಕೊಂಡೆ. ಕೊನೆಗೆ ಇನ್ನಿಬ್ಬರು ಬಂದು ಅದರ ಮೇಲೆ ಬಿದ್ದರು. ಮೂವರ ಭಾರಕ್ಕೆ ಅದು ಚೀಲದೊಳಗೆ ಹೋಯಿತು. "ಇಷ್ಟು ಕಷ್ಟಪಟ್ಟು ಒಳಗೆ ಹಾಕಿದ್ದು ನಾಳೆ ಹೊರಗೆ ಬರುತ್ತಾ?" ಅಂದೆ. ಮೇಲೆ ಮಲಗಿದ್ದವರಲ್ಲಿ ಒಬ್ಬ, "ಬರದಿದ್ರೆ ಕೆಂಪು ಹಿಡಿ ಎಲ್ಲಿದೆ?" ಅಂದ.

ಹೀಗೆ ನಗುವವರೆಲ್ಲ ಅಪಾಯವನ್ನು ಹಗುರವಾಗಿ ತೆಗೆದುಕೊಂಡಿದ್ದಾರೆ ಅಂತಲ್ಲ. ಲೆಕ್ಕ ಎಲ್ಲರಿಗೂ ಗೊತ್ತು. ಅಮೆರಿಕದಲ್ಲಿ 2023ರಲ್ಲಿ ಸುಮಾರು 36 ಲಕ್ಷ ಹಾರಾಟಗಳಾದವು, 10 ಜನ ತೀರಿಕೊಂಡರು. ಕಡಿಮೆಯೇ. ಸಲಕರಣೆ ಸುಧಾರಿಸಿದ್ದು ಅದಕ್ಕೊಂದು ಕಾರಣ. ಕೆಂಪು ಹಿಡಿ ಎಳೆದ ಕೂಡಲೇ ಪ್ಯಾರಾಚೂಟ್ ಕಳಚಿಕೊಳ್ಳುವ ಮೂರು ಉಂಗುರದ ವ್ಯವಸ್ಥೆ ಬಂದಿದ್ದು 1970ರ ದಶಕದಲ್ಲಿ, ಸ್ಕೈಡೈವಿಂಗ್ ಸಲಕರಣೆ ತಯಾರಿಸುವ ಬಿಲ್ ಬೂತ್ ಅವರಿಂದ. 1991ರಲ್ಲಿ ಜರ್ಮನಿಯಿಂದ ಸೈಪ್ರೆಸ್ ಅನ್ನುವ ಪುಟ್ಟ ಯಂತ್ರ ಬಂತು. ನೆಲ ಹತ್ತಿರವಾಗುತ್ತಿದ್ದರೂ ನೀವು ಇನ್ನೂ ಕಲ್ಲು ಬಿದ್ದಂತೆ ಬೀಳುತ್ತಿದ್ದರೆ ಅದೇ ರಿಸರ್ವ್ ಬಿಚ್ಚಿಬಿಡುತ್ತದೆ. ಅನುಭವಿಗಳ ಯಂತ್ರದಲ್ಲಿ ಇದು ಸುಮಾರು 750 ಅಡಿಗೆ ಆಗುತ್ತದೆ. ಆದರೆ ಅದೇ ಬೂತ್ ಹೇಳಿದ ಇನ್ನೊಂದು ಮಾತಿದೆ: ಸಲಕರಣೆ ಎಷ್ಟು ಸುರಕ್ಷಿತವಾಗುತ್ತದೋ, ಸಾವಿನ ಪ್ರಮಾಣ ಇದ್ದಷ್ಟೇ ಇರುವಂತೆ ಹಾರುವವರೂ ಅಷ್ಟೇ ಹೆಚ್ಚು ಸಾಹಸಕ್ಕೆ ಕೈಹಾಕುತ್ತಾರೆ. ಸಾಯುವವರಲ್ಲಿ ಹಲವರ ತಲೆಯ ಮೇಲೆ ಚೆನ್ನಾಗಿ ತೆರೆದ ಪ್ಯಾರಾಚೂಟೇ ಇರುತ್ತದೆ. ನೆಲದ ಹತ್ತಿರ ರಭಸದಿಂದ ತಿರುಗಿಸಲು ಹೋಗಿ ಹೊಡೆದುಕೊಳ್ಳುತ್ತಾರೆ. ಅದನ್ನು ತಡೆಯುವ ಯಂತ್ರ ಇಲ್ಲ. ಮೂಗು ತೂರಿಸುವ ಸ್ನೇಹಿತರು ಇದ್ದಾರೆ, ಅಷ್ಟೇ.

ಅದಕ್ಕೇ ನನಗೆ 'ನೀನು ಮಾಡ್ತೀಯ' ಅನ್ನುವವರಿಗಿಂತ 'ಇವತ್ತು ಬೇಡ ಕಣೋ' ಅನ್ನುವವರ ಮೇಲೆ ನಂಬಿಕೆ. ಒಂದು ಸಲ ವಿಮಾನ ಮೇಲಕ್ಕೇರಿದ ಮೇಲೆ ತುಂಬಾ ಅನುಭವ ಇದ್ದ ಒಬ್ಬ ಹೆಂಗಸು ತಲೆ ಅಲ್ಲಾಡಿಸಿ ಕೂತುಬಿಟ್ಟರು. ಯಾಕೋ ಮನಸ್ಸಿಲ್ಲ ಅಂದರು. ಯಾರೂ ಒತ್ತಾಯ ಮಾಡಲಿಲ್ಲ. ಅವರು ವಿಮಾನದಲ್ಲೇ ಇಳಿದು ಬಂದರು. ಕೆಳಗೆ ಅವರ ಕಾಲೆಳೆಯಲು ಯಾರಾದರೂ ಬಾಯಿ ತೆಗೆದಾರು ಅಂತ ಕಾದೆ. ಎಲ್ಲದಕ್ಕೂ ಗೇಲಿ ಮಾಡುವ ಜನ ಅದೊಂದಕ್ಕೆ ಮಾಡಲಿಲ್ಲ.

ದೊಡ್ಡ ದೊಡ್ಡ ಹಾರಾಟಗಳಲ್ಲೂ ಹಾರಬೇಕೋ ಬೇಡವೋ ಅನ್ನುವ ಇದೇ ಪ್ರಶ್ನೆ ಎದ್ದಿದೆ. 1960ರ ಆಗಸ್ಟ್ 16ರಂದು ಅಮೆರಿಕ ವಾಯುಪಡೆಯ ಜೋಸೆಫ್ ಕಿಟಿಂಜರ್ ಬಲೂನಿನಲ್ಲಿ 31 ಕಿಲೋಮೀಟರ್ ಮೇಲೇರಿ ಹಾರಿದರು. ಏರುವಾಗಲೇ ಬಲಗೈ ಗವಸಿನ ಒತ್ತಡ ಕೈಕೊಟ್ಟಿತ್ತು, ಕೈ ಊದಿಕೊಂಡಿತ್ತು. ಕೆಳಗಿನವರಿಗೆ ತಕ್ಷಣ ಹೇಳಲಿಲ್ಲ. ಹೇಳಿದರೆ ಹಾರಾಟ ನಿಲ್ಲಿಸಿಬಿಡುತ್ತಾರೆ ಅಂತ ಗೊತ್ತಿತ್ತು. 2012ರ ಅಕ್ಟೋಬರ್ 14ರಂದು ಆಸ್ಟ್ರಿಯಾದ ಸ್ಕೈಡೈವರ್ ಫೆಲಿಕ್ಸ್ ಬಾಮ್‌ಗಾರ್ಟ್‌ನರ್ 39 ಕಿಲೋಮೀಟರ್ ಎತ್ತರಕ್ಕೆ ಹೋದಾಗ, ಕೆಳಗೆ ರೇಡಿಯೊದಲ್ಲಿ ಕೂತಿದ್ದವರು ಇದೇ ಕಿಟಿಂಜರ್. ವಯಸ್ಸು 84. ಏರುವಾಗ ಫೆಲಿಕ್ಸ್ ತನ್ನ ಹೆಲ್ಮೆಟ್ಟಿನ ಗಾಜು ಬಿಸಿಯಾಗುತ್ತಿಲ್ಲ ಅಂತ ದೂರು ಹೇಳಿದರು, ಮುಂದುವರಿಯಬೇಕೋ ಬೇಡವೋ ಅಂತ ಚರ್ಚೆಯೂ ನಡೆಯಿತು. ಗವಸಿನ ವಿಷಯ ಮುಚ್ಚಿಟ್ಟ ಮನುಷ್ಯನೇ ಈಗ ಇನ್ನೊಬ್ಬನ ದೂರು ಕೇಳಬೇಕಾಯಿತು. ಆಮೇಲೆ ಅವರು ಪಟ್ಟಿ ಹಿಡಿದು ಒಂದೊಂದೇ ಕೆಲಸ ಓದಿದರು, ಮೇಲಿದ್ದವರು ಒಂದೊಂದೇ ಮುಗಿಸಿದರು. ಜಗತ್ತೇ ಉಸಿರು ಹಿಡಿದು ನೋಡುತ್ತಿದ್ದ ಹೊತ್ತಿನಲ್ಲೂ ಕೆಲಸಕ್ಕೆ ಬಂದಿದ್ದು ಪಟ್ಟಿ. ಎಲ್ಲ ಮುಗಿದ ಮೇಲೆ 'ಕಾವಲು ದೇವತೆ ನಿನ್ನನ್ನು ನೋಡಿಕೊಳ್ಳುತ್ತಾಳೆ' ಅಂದರು. ಮೊದಲು ಪಟ್ಟಿ, ಆಮೇಲೆ ದೇವತೆ.

ಇನ್ನು 2006ರಲ್ಲಿ ಥಾಯ್ಲೆಂಡ್‌ನಲ್ಲಿ 400 ಜನ ಆಕಾಶದಲ್ಲಿ ಒಬ್ಬರನ್ನೊಬ್ಬರು ಹಿಡಿದು ಒಂದೇ ಆಕಾರ ಮಾಡಿದರು. ನಾಲ್ಕು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹೊತ್ತು. ನಾಲ್ಕು ಜನರನ್ನು ಒಂದು ಫೋಟೊಗೆ ಕಣ್ಣು ಮಿಟುಕಿಸದೆ ನಿಲ್ಲಿಸಲಾಗದ ನನಗೆ ಇದು ಈಗಲೂ ಪವಾಡ.

ಇಷ್ಟೆಲ್ಲ ಪ್ರೀತಿಗೆ ಬಿಲ್ ಕೂಡ ಬರುತ್ತದೆ. ಏನೇ ಮೊದಲ ಸಲ ಮಾಡಿದರೂ ಎಲ್ಲರಿಗೂ ಒಂದು ಪೆಟ್ಟಿಗೆ ಬಿಯರ್ ಕೊಡಿಸಬೇಕು. ಮೊದಲ ಹಾರಾಟ, ಒಂಟಿಯಾಗಿ ಮೊದಲ ಹಾರಾಟ, ಮೊದಲ ಸಲ ರಿಸರ್ವ್ ಎಳೆದಿದ್ದು, ಎಲ್ಲಕ್ಕೂ. ನೂರನೆಯ ಹಾರಾಟಕ್ಕೆ ಮುಖಕ್ಕೆ ಕೆನೆ ಬಳಿಯುತ್ತಾರೆ. ಗಾಳಿ ಜೋರಾದ ಒಂದು ದಿನ ನಾನು ಇಳಿಯಬೇಕಾದ ಜಾಗ ಬಿಟ್ಟು ಎಲ್ಲೋ ಒಂದು ಹೊಲದಲ್ಲಿ ಇಳಿದೆ. ಬೆಳೆ ತುಳಿಯದಂತೆ ಬದುವಿನ ಮೇಲೆ, ನೈಲಾನ್ ಗಂಟನ್ನು ತಬ್ಬಿಕೊಂಡು, ಬಿಸಿಲಲ್ಲಿ ನಡೆಯುತ್ತಿದ್ದೆ. ದೂರದಲ್ಲಿ ಧೂಳೆಬ್ಬಿಸಿಕೊಂಡು ಒಂದು ಗಾಡಿ ಬಂತು. ಒಳಗೆ ನಾಲ್ವರು ಇದ್ದರು. ಹುಡುಕಲು ಒಬ್ಬ ಸಾಕಾಗಿತ್ತು. ಹಿರಿಯರು ಕೆಳಗಿಳಿದು ನನ್ನ ಕೈಕಾಲು ಮುಟ್ಟಿ ನೋಡಿದರು, ಕಣ್ಣೊಳಗೆ ಇಣುಕಿದರು, ಬೆರಳು ಎಷ್ಟು ಅಂತ ಕೇಳಿದರು. ಎಲ್ಲ ಸರಿಯಿದೆ ಅಂತ ಖಾತ್ರಿಯಾದ ಮೇಲೆ ಗಾಡಿಯ ಕಡೆ ತಿರುಗಿ, "ಮೊದಲ ಸಲ ಹೊರಗೆ ಇಳಿದಿದ್ದಾನೆ!" ಅಂತ ಕೂಗಿದರು.

ಗಾಡಿಯೊಳಗೆ ಹರ್ಷೋದ್ಗಾರ. ಬೆಳ್ಳಿ ಹಿಡಿಯ ಹುಡುಗ ಕಿಟಕಿಯಿಂದ ತಲೆ ಹೊರಹಾಕಿ, "ಹೊಲದಲ್ಲಿ ಮೊದಲ ಸಲ ಇಳಿದಿದ್ದಕ್ಕೆ ಬೇರೆ ಪೆಟ್ಟಿಗೆ ಮಾರಾಯ, ಎರಡಾಯ್ತು" ಅಂದ. ಹಾಗಾದರೆ ಈ ಗಾಡಿ ಹತ್ತುತ್ತಿರುವುದೂ ಮೊದಲ ಸಲವೇ, ಮೂರಾಗುತ್ತದೆ ಅಂದುಕೊಂಡು ನಾನು ನಡೆದೇ ಬರುತ್ತೇನೆ ಅಂದೆ.