ನಿರಾಶ್ರಿತರಿಗೆ ಕಲಿತ ಕೆಲಸವೋ, ಸಿಕ್ಕ ಕೆಲಸವೋ?

ಯುದ್ಧ, ಗಲಭೆ, ಕಿರುಕುಳಕ್ಕೆ ಹೆದರಿ ದೇಶ ಬಿಟ್ಟವರು ಹೊಸ ದೇಶಕ್ಕೆ ಬಂದು ಇಳಿಯುತ್ತಾರೆ. ಅವರಿಗೆ ಕೆಲಸ ಹುಡುಕಿಕೊಡುವವರು ಅವರು ಕಲಿತ ಕೆಲಸವೇ ಸಿಗಲಿ ಅಂತ ಹೊರಡಬೇಕಾ, ಇಲ್ಲಾ ಮೊದಲು ಸಿಕ್ಕ ಸಂಬಳದ ಕೆಲಸಕ್ಕೆ ಸೇರಿಸಿಬಿಡಬೇಕಾ? ಚಿತ್ರದುರ್ಗದ ನರ್ಸಿಂಗ್ ಉಪನ್ಯಾಸಕಿ ಒಬ್ಬರು ಮತ್ತು ದಾವಣಗೆರೆಯಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುವವರೊಬ್ಬರು ಬರೆದಿದ್ದಾರೆ.

ಪರ: ಕಲಿತ ಕೆಲಸಕ್ಕೇ ದಾರಿ ಮಾಡಿಕೊಡಿ

ಡಾಕ್ಟರ್ ಆಗಿದ್ದವರು ಡಾಕ್ಟರ್ ಆಗಿಯೇ ದುಡಿಯಬೇಕು, ಬಡಗಿ ಆಗಿದ್ದವರು ಬಡಗಿ ಆಗಿಯೇ. ಹೊಸ ದೇಶದಲ್ಲಿ ಇದು ತಾನಾಗಿ ಆಗುವುದಿಲ್ಲ, ಅದಕ್ಕೇ ನೆರವು ಬೇಕಾಗಿರುವುದು. ಕುರ್ಚಿ ಖಾಲಿ ಮಾಡಿ ಅವರನ್ನು ಕೂರಿಸಿ ಅಂತ ನಾನು ಹೇಳುತ್ತಿಲ್ಲ. ಅವರ ಸರ್ಟಿಫಿಕೇಟುಗಳನ್ನು ಸರಿಯಾಗಿ ನೋಡುವವರು ಒಬ್ಬರಿರಲಿ. ಆ ವೃತ್ತಿಗೆ ಬೇಕಾದಷ್ಟು ಭಾಷೆ ಕಲಿಸಲಿ. ಪರೀಕ್ಷೆ ಬರೆಯಬೇಕಿದ್ದರೆ ಫೀಸು ಕಟ್ಟಲಿ. ಅದೇ ಕಸುಬಿನಲ್ಲಿರುವ ಸ್ಥಳೀಯರೊಬ್ಬರ ಪರಿಚಯ ಮಾಡಿಸಲಿ. ಕೊನೆಯದಕ್ಕೆ ದುಡ್ಡೇ ಬೇಕಾಗಿಲ್ಲ, ಆದರೂ ಜಾಸ್ತಿ ಉಪಯೋಗಕ್ಕೆ ಬರುವುದು ಅದೇ. ನಮ್ಮೂರಲ್ಲೂ ಕೆಲಸ ಸಿಗುವುದು ಗುರುತು ಪರಿಚಯದಿಂದಲೇ ಅಲ್ವಾ?

ಇದನ್ನು ದಯೆ ದಾಕ್ಷಿಣ್ಯ ಅಂತ ನೋಡಬೇಡಿ. ನಿರಾಶ್ರಿತರ ಹಕ್ಕುಗಳ ಬಗ್ಗೆ 1951ರಲ್ಲಿ ದೇಶಗಳು ಮಾಡಿಕೊಂಡ ಒಪ್ಪಂದದ 17ನೇ ವಿಧಿ ಸಂಬಳದ ಕೆಲಸದ ಬಗ್ಗೆ ಇದೆ. 19ನೇ ವಿಧಿ ಓದಿಕೊಂಡು ಮಾಡುವ ವೃತ್ತಿಗಳ ಬಗ್ಗೆಯೇ ಇದೆ. ಅಂದರೆ ಅಷ್ಟು ಹಿಂದೆಯೇ ಈ ವಿಷಯ ಯೋಚಿಸಿದ್ದರು. ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಂತ ಇಲ್ಲಿ ನಿರಾಶ್ರಿತರಿಲ್ಲ ಅಂತೇನೂ ಅಲ್ಲ. ದೂರದ ದೇಶದ ಕಥೆ ಆಮೇಲೆ ಹೇಳುತ್ತೇನೆ, ಮೊದಲು ಇಲ್ಲಿಯದನ್ನು ಕೇಳಿ.

ಚಳಿಗಾಲದಲ್ಲಿ ನಮ್ಮೂರಿಗೆ ಸ್ವೆಟರ್ ಮಾರಲು ಬರುವ ಟಿಬೆಟಿನ ಹೆಂಗಸೊಬ್ಬರು ನನಗೆ ಪರಿಚಯ. ಬೈಲಕುಪ್ಪೆಯವರು. ಮಾಲನ್ನು ಲೂಧಿಯಾನದಿಂದ ಸಾಲಕ್ಕೆ ತಂದು, ಸೀಸನ್ ಮುಗಿದ ಮೇಲೆ ತೀರಿಸುತ್ತಾರೆ. ಕನ್ನಡ ಸಲೀಸಾಗಿ ಬರುತ್ತದೆ, “ತಗೊಳ್ಳಿ ಅಕ್ಕಾ, ಎಷ್ಟು ಸಲ ಒಗೆದ್ರೂ ಗಂಟು ಏಳಲ್ಲ” ಅನ್ನುತ್ತಾರೆ. ಅವರ ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವಳು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಂದರ್ಶನ ಚೆನ್ನಾಗಿಯೇ ಆಯಿತಂತೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ್ದಾಳೆ. ಗುರುತಿನ ದಾಖಲೆ ಕೇಳಿದಾಗ ತನ್ನ ಆರ್‌ಸಿ ಕೊಟ್ಟಳು. ಅದು ವಿದೇಶಿಯರ ನೋಂದಣಿ ಪುಸ್ತಕ, ಕಾಲಕಾಲಕ್ಕೆ ನವೀಕರಣ ಮಾಡಿಸುತ್ತಿರಬೇಕು. ಮೇಜಿನ ಆಚೆ ಕೂತವರು ಪುಟ ತಿರುವಿದರು, ಸೀಲು ನೋಡಿದರು, ಹಿಂದೆ ಮುಂದೆ ಮಾಡಿ ನೋಡಿದರು. “ವೋಟರ್ ಐಡಿ ಇಲ್ವಾ?” ಅಂದರು. ಆಮೇಲೆ “ತಿಳಿಸ್ತೀವಿ” ಅಂದರು. ತಿಳಿಸಲೇ ಇಲ್ಲ. ಆ ಚಳಿಗಾಲ ಅವಳು ಅಮ್ಮನ ಪಕ್ಕ ಕೂತು ಗಿರಾಕಿಗಳು ಎಳೆದಾಡಿ ಬಿಟ್ಟುಹೋದ ಸ್ವೆಟರುಗಳನ್ನು ತೋಳು ಒಳಗೆ ಮಾಡಿ ಮಡಚಿ ಮಡಚಿ ಇಡುತ್ತಿದ್ದಳು. ಸ್ವೆಟರ್ ವ್ಯಾಪಾರ ಕೀಳು ಅಂತ ನಾನು ಹೇಳುತ್ತಿಲ್ಲ, ಆ ವ್ಯಾಪಾರವೇ ಅವಳನ್ನು ಓದಿಸಿದ್ದು. ಆದರೆ ಡ್ರಿಪ್ ಹಾಕಲು ಕಲಿತ ಕೈಗೆ ವಾರ್ಡಿನಲ್ಲಿ ಕೆಲಸ ಇತ್ತು, ನರ್ಸುಗಳು ಸಾಲದೆ ಆಸ್ಪತ್ರೆಗಳು ಒದ್ದಾಡುತ್ತಿವೆ ಅನ್ನುವುದು ನನಗೆ ದಿನಾ ಕಾಣುವ ಸಂಗತಿ.

ಇಲ್ಲಿ ಕಾನೂನೂ ಅಡ್ಡ ಬರಲಿಲ್ಲ ನೋಡಿ. ಕೇಂದ್ರ ಗೃಹ ಸಚಿವಾಲಯ 2014ರಲ್ಲಿ ತಂದ ಟಿಬೆಟಿಯನ್ ಪುನರ್ವಸತಿ ನೀತಿಯಲ್ಲಿ ನರ್ಸಿಂಗ್, ಶಿಕ್ಷಕ ವೃತ್ತಿ ಸೇರಿ ಓದಿಗೆ ತಕ್ಕ ಕೆಲಸ ಮಾಡಬಹುದು ಅಂತಲೇ ಇದೆ. ಅಡ್ಡ ಬಂದದ್ದು ಆ ಪುಸ್ತಕ ಏನು ಅಂತ ಗೊತ್ತಿಲ್ಲದ್ದು. ಒಂದು ಫೋನ್ ಮಾಡಿ ವಿಚಾರಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ಇಂಥ ಕಡೆ ಅವಳ ಪರವಾಗಿ ಮಾತಾಡಲು ಒಬ್ಬರು ಬೇಕು. ನೆರವು ಅಂತ ನಾನು ಹೇಳುವುದು ಇದನ್ನೇ.

ಕಲಿತದ್ದು ಲೆಕ್ಕಕ್ಕೆ ಬಾರದೇ ಹೋದರೆ ಹೇಗಿರುತ್ತದೆ ಅಂತ ನಮ್ಮ ಎರಡೂ ಜಿಲ್ಲೆಯ ಎಷ್ಟೋ ಮನೆಗೆ ಗೊತ್ತು. 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾದಾಗ ಉಕ್ರೇನಿನಲ್ಲಿ ಎಂಬಿಬಿಎಸ್ ಓದುತ್ತಿದ್ದ ನಮ್ಮ ಕಡೆಯ ಮಕ್ಕಳು ಅರ್ಧಕ್ಕೆ ಬಿಟ್ಟು ಓಡಿ ಬಂದರು. ಇಲ್ಲಿಯ ಕಾಲೇಜುಗಳಿಗೆ ಸೇರಿಸಿಕೊಳ್ಳಲು ನಿಯಮದಲ್ಲಿ ಅವಕಾಶ ಇಲ್ಲ ಅಂದರು. ಓದು ಮುಗಿಸಿದವರೂ ಇಲ್ಲಿ ಡಾಕ್ಟರ್ ಆಗಬೇಕಾದರೆ, ವಿದೇಶದಲ್ಲಿ ಓದಿದವರಿಗೆ ಅಂತಲೇ ಇರುವ ಎಫ್‌ಎಂಜಿಇ ಪರೀಕ್ಷೆ ಪಾಸಾಗಬೇಕು. ಆಗ ಅಪ್ಪ ಅಮ್ಮಂದಿರು ಪಟ್ಟ ಸಂಕಟ ನೆನಪಿಸಿಕೊಳ್ಳಿ. ತಮ್ಮದೇ ದೇಶ, ತಮ್ಮದೇ ಭಾಷೆ, ಇರಲು ಮನೆ ಎಲ್ಲ ಇದ್ದೂ ಅಷ್ಟು ಸಂಕಟ. ಮನೆಯೂ ಇಲ್ಲ, ಭಾಷೆಯೂ ಬಾರದು, ಮಾರ್ಕ್ಸ್ ಕಾರ್ಡ್ ಬಾಂಬಿಗೆ ಸುಟ್ಟುಹೋದ ಯೂನಿವರ್ಸಿಟಿಯಲ್ಲಿದೆ ಅನ್ನುವವರಿಗೆ ಹೇಗಿರಬೇಡ?

ಪರೀಕ್ಷೆಯೇ ಬೇಡ ಅಂತ ನಾನು ಹೇಳುವುದಿಲ್ಲ. ನಾನೇ ನರ್ಸಿಂಗ್ ಕಲಿಸುವವಳು. ರೋಗಿಯ ಜೀವದ ವಿಷಯದಲ್ಲಿ ರಿಯಾಯಿತಿ ಕೂಡದು. ಜರ್ಮನಿ ಇದನ್ನು ಚೆನ್ನಾಗಿ ಮಾಡಿದೆ. 2012ರಲ್ಲಿ ಅವರೊಂದು ಕಾಯ್ದೆ ತಂದರು, ಯಾವ ದೇಶದ ಪ್ರಜೆಯೇ ಆಗಿರಲಿ, ಹೊರಗೆ ಪಡೆದ ವಿದ್ಯೆಯನ್ನು ಜರ್ಮನಿಯ ವಿದ್ಯೆಯ ಜೊತೆ ಹೋಲಿಸಿ ನೋಡಿ ಅಂತ ಅರ್ಜಿ ಹಾಕಬಹುದು. ಡಾಕ್ಟರುಗಳಿಗೆ ಆಸ್ಪತ್ರೆಯ ಭಾಷೆಯದೇ ಬೇರೆ ಪರೀಕ್ಷೆ ಇದೆ, ರೋಗಿಯನ್ನು ಮಾತಾಡಿಸಿ, ಕೇಳಿದ್ದನ್ನು ಬರೆದು, ಇನ್ನೊಬ್ಬ ಡಾಕ್ಟರಿಗೆ ವಿವರಿಸಬೇಕು. ಅದು ಪಾಸಾದರೆ ಹಿರಿಯರ ಕೈಕೆಳಗೆ ತಾತ್ಕಾಲಿಕ ಪರವಾನಗಿ ಮೇಲೆ ಸಂಬಳ ತಗೊಂಡೇ ಕೆಲಸ ಮಾಡಬಹುದು. ಆ ಅವಧಿಯಲ್ಲೇ ಮುಂದಿನ ಪರೀಕ್ಷೆಗೆ ಓದಿಕೊಳ್ಳುತ್ತಾರೆ. ಈಗ ಅಲ್ಲಿಯ ವಿದೇಶಿ ಡಾಕ್ಟರುಗಳಲ್ಲಿ ಸಿರಿಯಾದವರೇ ಎಲ್ಲರಿಗಿಂತ ಹೆಚ್ಚು, 5,000ಕ್ಕೂ ಮೇಲೆ. ಅವರೆಲ್ಲ ನಿರಾಶ್ರಿತರಾಗಿ ಬಂದವರಲ್ಲ, ವೀಸಾ ಮೇಲೆ ಬಂದವರೂ ಇದ್ದಾರೆ. ಆದರೆ ಆ ಬಾಗಿಲು ಇಬ್ಬರಿಗೂ ತೆರೆದಿತ್ತು. ಸಣ್ಣ ಊರುಗಳ ಆಸ್ಪತ್ರೆಗಳು ನಡೆಯುತ್ತಿರುವುದೇ ಇವರಿಂದ ಅಂತ ಅಲ್ಲಿಯವರೇ ಹೇಳುತ್ತಾರೆ.

ಉಲ್ಟಾ ಆದದ್ದು ಜೋರ್ಡಾನಿನಲ್ಲಿ. 2016ರಲ್ಲಿ ಯುರೋಪಿನ ಜೊತೆ ಒಪ್ಪಂದವಾಗಿ ಸಿರಿಯನ್ನರಿಗೆ 2 ಲಕ್ಷದವರೆಗೆ ಕೆಲಸದ ಅವಕಾಶ ಕೊಡುತ್ತೇವೆ ಅಂದರು. ಯಾವ ಕೆಲಸ? ಹೊಲದ ಕೆಲಸ, ಕಟ್ಟಡದ ಕೆಲಸ, ಗಾರ್ಮೆಂಟ್ ಫ್ಯಾಕ್ಟರಿ. ಡಾಕ್ಟರ್, ಇಂಜಿನಿಯರ್, ಮೇಷ್ಟ್ರ ಕೆಲಸಗಳ ಬಾಗಿಲು ಮುಚ್ಚಿಯೇ ಇತ್ತು. ಗಾರ್ಮೆಂಟ್ ಫ್ಯಾಕ್ಟರಿಗಳಿಗೆ ಸಿರಿಯನ್ನರು ನಿರೀಕ್ಷಿಸಿದಷ್ಟು ಬರಲೇ ಇಲ್ಲ. ದೂರ, ಸಂಬಳ ಕಡಿಮೆ, ಮನೆಯಲ್ಲಿ ಸಣ್ಣ ಮಕ್ಕಳು. ಯಾವುದೋ ಒಂದು ಕೆಲಸ ಕೊಟ್ಟರೆ ಮುಗಿಯಿತು ಅನ್ನುವವರು ಇದನ್ನು ನೋಡಬೇಕು.

ನಮ್ಮ ಚಿತ್ರದುರ್ಗದ ನಿಜಲಿಂಗಪ್ಪನವರು ಮುಖ್ಯಮಂತ್ರಿ ಆಗಿದ್ದಾಗಲೇ, 1966ರಲ್ಲಿ, ಮುಂಡಗೋಡದಲ್ಲಿ ಟಿಬೆಟಿನವರಿಗೆ ನೆಲೆ ಸಿಕ್ಕಿತು. ಆಗ ಬಂದವರಿಗೆ ಭೂಮಿ ಬೇಕಿತ್ತು, ಕೊಟ್ಟರು. ಅವರ ಮೊಮ್ಮಕ್ಕಳಿಗೆ ಭೂಮಿ ಸಾಲದು, ಅವರು ಓದಿದ್ದಾರೆ. ಜಿಲ್ಲೆಯ ಪ್ರತಿ ಆಸ್ಪತ್ರೆ, ಪ್ರತಿ ಕಾಲೇಜಿನ ನೇಮಕಾತಿ ಮಾಡುವವರಿಗೆ ಆರ್‌ಸಿ ಅಂದರೇನು, ಅದನ್ನು ಹಿಡಿದವರನ್ನು ಕೆಲಸಕ್ಕೆ ತಗೊಳ್ಳಬಹುದು ಅಂತ ಒಂದು ಪುಟದಲ್ಲಿ ಬರೆದು ಕಳಿಸಿದರೆ ಸಾಕು, ಇದಕ್ಕೆ ಕೋಟಿಗಟ್ಟಲೆ ಹಣ ಬೇಡ.

ವಿರೋಧ: ಮೊದಲು ಬಟವಾಡೆ ಆಗಲಿ

ಮೇಡಂ ಬರೆದದ್ದನ್ನು ಓದಿದೆ. ಆ ಹುಡುಗಿಗೆ ಆದದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳು ಇಲ್ಲೇ ಹುಟ್ಟಿ, ಇಲ್ಲೇ ಓದಿ, ಕನ್ನಡ ಬಲ್ಲವಳು. ಮೊನ್ನೆ ಮೊನ್ನೆ ಗಡಿ ದಾಟಿ ಬಂದವರ ಸ್ಥಿತಿ ಬೇರೆ. ಅವರಿಗೆ “ನಿಮ್ಮ ಕೆಲಸ ಸಿಗೋವರೆಗೆ ತಾಳಿ” ಅನ್ನುವುದು ನೆರವಲ್ಲ ಅನ್ನುವುದು ನನ್ನ ವಾದ.

ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳುತ್ತೇನೆ ಅಂದರೆ, ನಾನು ಮಿಲ್ ಕಾರ್ಮಿಕನ ಮಗ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲ ಈಗಿನವರಿಗೆ ಗೊತ್ತಿಲ್ಲ. ನಮ್ಮಪ್ಪ ಸ್ಪಿನ್ನಿಂಗ್ ವಿಭಾಗದಲ್ಲಿದ್ದರು. ಓಡುತ್ತಿರುವ ಯಂತ್ರದಲ್ಲಿ ತುಂಡಾದ ಎಳೆಯನ್ನು ಎರಡು ಬೆರಳಲ್ಲಿ ಹೊಸೆದು ಕೂಡಿಸುತ್ತಿದ್ದರು, ಕೂಡಿಸಿದ ಜಾಗ ಹುಡುಕಿದರೂ ಕಾಣುತ್ತಿರಲಿಲ್ಲ. ಮಿಲ್‌ಗಳು ಒಂದೊಂದಾಗಿ ಮುಚ್ಚಿದವು. ಇವತ್ತು ತೆಗೀತಾರೆ, ನಾಳೆ ತೆಗೀತಾರೆ ಅಂತ ಗೇಟಿನ ಮುಂದೆ ಕೂತವರ ಪೈಕಿ ಎಷ್ಟೋ ಜನ ಕುಡಿತಕ್ಕೆ ಬಿದ್ದರು. ಸಾಲಕ್ಕೆ ಹೆಂಡತಿಯ ತಾಳಿ ಹೋಯಿತು, ಮಕ್ಕಳ ಶಾಲೆ ಬಿಟ್ಟಿತು. ಅಪ್ಪ ಸ್ವಲ್ಪ ಕಾಲ ಕಾದರು. ಆಮೇಲೆ ಮಂಡಕ್ಕಿ ಭಟ್ಟಿಗೆ ಹೋದರು. ಕಾದ ಮರಳಲ್ಲಿ ಅಕ್ಕಿ ಹಾಕಿ ಕೈಯಾಡಿಸುವ ಕೆಲಸ, ಹೊಗೆಗೆ ಕಣ್ಣು ಕೆಂಪಗಾಗುತ್ತಿತ್ತು, ರೆಪ್ಪೆ ಕೂದಲೂ ಸುಡುತ್ತಿತ್ತು. ಅವರ ಬೆರಳಿನ ವಿದ್ಯೆಗೆ ಅಲ್ಲಿ ಕವಡೆ ಕಿಮ್ಮತ್ತಿಲ್ಲ. ಆದರೆ ವಾರಕ್ಕೊಮ್ಮೆ ಬಟವಾಡೆ ಆಗುತ್ತಿತ್ತು. ಅಮ್ಮ ಸಂತೆಗೆ ಚೀಲ ಹಿಡಿದು ಹೋಗುತ್ತಿದ್ದಳು. ಅಂಗಡಿಯವರು ಮತ್ತೆ ಉದ್ರಿ ಕೊಡಲು ಶುರು ಮಾಡಿದರು. ಅಪ್ಪ ಮತ್ತೆ ನಾಲ್ಕು ಜನರ ಎದುರು ತಲೆ ಎತ್ತಿ ಮಾತಾಡಲು ಶುರು ಮಾಡಿದ್ದೂ ಆಗಲೇ.

ಕೆಲಸ ಇಲ್ಲದ ಮನುಷ್ಯನಿಗೆ ಮೊದಲು ಬೇಕಾದದ್ದು ಇದು. ಬೆಳಗ್ಗೆ ಎದ್ದು ಹೋಗಲು ಒಂದು ಜಾಗ, ವಾರದ ಕೊನೆಗೆ ಕೈಯಲ್ಲಿ ದುಡ್ಡು, ಜೊತೆಗೆ ನಾಲ್ಕು ಜನ. ಹೊಸ ಭಾಷೆಯೂ ಅಲ್ಲೇ ಬೇಗ ಬರುತ್ತದೆ. ಕ್ಲಾಸಿನಲ್ಲಿ ಕೂತು ವ್ಯಾಕರಣ ಕಲಿತವನಿಗಿಂತ ಮೇಸ್ತ್ರಿ ಹತ್ತಿರ ಬೈಸಿಕೊಂಡು ಕಲಿತವನ ಮಾತು ಗಟ್ಟಿ, ನನ್ನ ವರ್ಕ್‌ಶಾಪಿನ ಬಿಹಾರದ ಹುಡುಗರ ಕನ್ನಡ ಕೇಳಿದರೆ ಗೊತ್ತಾಗುತ್ತದೆ.

ಮೇಡಂ ಜರ್ಮನಿಯ ಉದಾಹರಣೆ ಕೊಟ್ಟರು. ಅದರ ಇನ್ನೊಂದು ಮುಖ ನೋಡೋಣ. 2022ರಲ್ಲಿ ಉಕ್ರೇನಿನವರು ಬಂದಾಗ ಪೋಲೆಂಡ್ ಮಾರ್ಚ್ ತಿಂಗಳಲ್ಲೇ ಕಾಯ್ದೆ ಮಾಡಿತು. ಮಾಲೀಕ ಕೆಲಸಕ್ಕೆ ಇಟ್ಟುಕೊಂಡು ಕಚೇರಿಗೆ ತಿಳಿಸಿದರೆ ಸಾಕು. ಜರ್ಮನಿ ಹೆಚ್ಚಿನವರನ್ನು ಮೊದಲು ಭಾಷೆಯ ಕೋರ್ಸಿಗೆ ಕೂರಿಸಿತು. ಪೋಲೆಂಡಿನಲ್ಲಿ ದುಡಿಯುವ ವಯಸ್ಸಿನ ಉಕ್ರೇನಿಯನ್ನರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೇಗನೆ ಕೆಲಸ ಹಿಡಿದರು, ಜರ್ಮನಿ ಬಹಳ ಹಿಂದೆ ಉಳಿಯಿತು. ಕೊನೆಗೆ 2023ರಲ್ಲಿ ಜರ್ಮನಿಯ ಸರ್ಕಾರವೇ ‘ಜಾಬ್ ಟರ್ಬೊ’ ಅಂತ ಯೋಜನೆ ತಂದು, ಭಾಷೆ ಅಷ್ಟೋ ಇಷ್ಟೋ ಬಂದವರನ್ನು ಬೇಗ ಕೆಲಸಕ್ಕೆ ಹಚ್ಚಲು ಹೊರಟಿತು. ಓದಿದ ಉಕ್ರೇನಿಯನ್ನರು ಪೋಲೆಂಡಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದಾರೆ ಅನ್ನಬಹುದು. ಹೌದು, ಎತ್ತುತ್ತಿದ್ದಾರೆ. ಬಾಡಿಗೆಯನ್ನೂ ಅವರೇ ಕಟ್ಟುತ್ತಿದ್ದಾರೆ.

ಸಾಧಾರಣ ಕೆಲಸ ಅಂದರೆ ಮರ್ಯಾದೆ ಇಲ್ಲದ ಕೆಲಸ ಅಂತಲೂ ಅಲ್ಲ. ಅಮೆರಿಕದಲ್ಲಿ ಚೋಬಾನಿ ಅಂತ ಮೊಸರಿನ ಕಂಪನಿ ಇದೆ. ಕಟ್ಟಿದವರು ಹಮ್ದಿ ಉಲುಕಾಯ, ಟರ್ಕಿಯಿಂದ ಹೋದ ಕುರ್ದಿ ಜನಾಂಗದವರು. ನ್ಯೂಯಾರ್ಕ್ ರಾಜ್ಯದ ತಮ್ಮ ಘಟಕಕ್ಕೆ ಹತ್ತಿರದ ಊರಿನ ನಿರಾಶ್ರಿತರನ್ನು ತಗೊಂಡರು. ಅವರ ಹತ್ತಿರ ಗಾಡಿ ಇರಲಿಲ್ಲ, ಬಸ್ ಬಿಟ್ಟರು. ಭಾಷೆ ಬರುತ್ತಿರಲಿಲ್ಲ, ದುಭಾಷಿಗಳನ್ನು ಇಟ್ಟರು. ಕೆಲಸ ಏನು? ಮೊಸರಿನ ಡಬ್ಬಿ ತುಂಬುವ ಫ್ಯಾಕ್ಟರಿಯ ಮಾಮೂಲಿ ಕೆಲಸ. 2016ರಲ್ಲಿ ಕೆಲಸಗಾರರಿಗೆ ಕಂಪನಿಯಲ್ಲಿ ಪಾಲನ್ನೂ ಕೊಟ್ಟರು. ಇಲ್ಲಿ ಯಾರೂ ಅವರ ಹಳೇ ವೃತ್ತಿ ಹುಡುಕಿಕೊಡಲಿಲ್ಲ. ಬಸ್ಸು, ದುಭಾಷಿ, ಸರಿಯಾದ ಸಂಬಳ ಇಷ್ಟು ಮಾಡಿದರು.

ಇಷ್ಟು ದೂರ ಯಾಕೆ ಹೋಗಬೇಕು? 1960ರಲ್ಲಿ ಬೈಲಕುಪ್ಪೆಗೆ ಬಂದವರಲ್ಲಿ ಕುರಿ ಮತ್ತು ಯಾಕ್ ದನ ಮೇಯಿಸುವವರಿದ್ದರು, ವ್ಯಾಪಾರಿಗಳಿದ್ದರು, ಸನ್ಯಾಸಿಗಳಿದ್ದರು. ಸಿಕ್ಕಿದ್ದು ಸುಮಾರು 3,000 ಎಕರೆ ಕಾಡು ಜಾಗ. ಆನೆ ಕಾಟ, ಸೆಖೆ, ಕಾಯಿಲೆ. ಕಾಡು ಕಡಿದು ಮುಸುಕಿನ ಜೋಳ ಬೆಳೆದರು, ಸಹಕಾರ ಸಂಘ ಕಟ್ಟಿದರು, ಕಾರ್ಪೆಟ್ ನೇಯ್ದರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳು ಸಿಂಧನೂರಿನ ಕ್ಯಾಂಪುಗಳಲ್ಲಿ ಭತ್ತ ಬೆಳೆದರು. 1964ರಲ್ಲಿ ಭಾರತ, ಶ್ರೀಲಂಕಾ ಪ್ರಧಾನಿಗಳು ಮಾಡಿಕೊಂಡ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದ ತಮಿಳರಿಗೆ ಸುಳ್ಯದ ಕಡೆ ಸರ್ಕಾರಿ ರಬ್ಬರ್ ತೋಟದಲ್ಲಿ ಕೆಲಸ ಸಿಕ್ಕಿತು. ಕಷ್ಟಪಟ್ಟರು, ಆದರೆ ನೆಲೆ ನಿಂತರು. ಮಕ್ಕಳನ್ನು ಓದಿಸಿದರು.

ಇನ್ನೊಂದು ಮಾತು ಯಾರೂ ಹೇಳಲು ಇಷ್ಟಪಡುವುದಿಲ್ಲ, ನಾನು ಹೇಳುತ್ತೇನೆ. ಈ ಚರ್ಚೆಯಲ್ಲಿ ಯಾವಾಗಲೂ ಡಾಕ್ಟರು, ಇಂಜಿನಿಯರೇ ಬರುತ್ತಾರೆ. ನಿರಾಶ್ರಿತರಲ್ಲಿ ಅವರು ಎಷ್ಟು ಜನ? ಹೆಚ್ಚಿನವರು ರೈತರು, ಕೂಲಿಯವರು, ಸಣ್ಣ ಮಕ್ಕಳ ತಾಯಂದಿರು. ಹೆಚ್ಚಿನವರು ಇರುವುದೂ ಜರ್ಮನಿಯಂಥ ಶ್ರೀಮಂತ ದೇಶಗಳಲ್ಲಲ್ಲ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಉಗಾಂಡಾ 2006ರ ಕಾಯ್ದೆಯಲ್ಲಿ ನಿರಾಶ್ರಿತರಿಗೆ ದುಡಿಯುವ, ಓಡಾಡುವ ಹಕ್ಕು ಕೊಟ್ಟಿತು, ಉಳುಮೆಗೆ ತುಂಡು ಭೂಮಿಯನ್ನೂ ಕೊಡುತ್ತದೆ. ಅದಕ್ಕಿಂತ ಎಷ್ಟೋ ಶ್ರೀಮಂತವಾದ ಬ್ರಿಟನ್ನಿನಲ್ಲಿ ಆಶ್ರಯ ಕೇಳಿ ಬಂದವರು 12 ತಿಂಗಳು ಕಾಯಬೇಕು, ಆಮೇಲೂ ಸರ್ಕಾರ ಪಟ್ಟಿ ಮಾಡಿದ ಕೆಲವೇ ಕೆಲಸಕ್ಕೆ ಅನುಮತಿ ಕೇಳಬಹುದು. ನನಗೆ ಉಗಾಂಡಾದ ದಾರಿಯೇ ಸರಿ ಅನ್ನಿಸುತ್ತದೆ. ದುಡಿಯುವ ಹಕ್ಕೇ ಇಲ್ಲದವನ ಎದುರು ಕಲಿತ ಕೆಲಸದ ಮಾತು ಆಡಿ ಏನು ಪ್ರಯೋಜನ?

ನಮ್ಮ ಬೆಂಗಳೂರಿನಲ್ಲೇ ಕಸ ಆಯ್ದು ಬೇರ್ಪಡಿಸಿ ಬದುಕುತ್ತಿರುವ ರೋಹಿಂಗ್ಯಾ ಕುಟುಂಬಗಳಿವೆ. ಕೂಲಿ ಕೊಡದಿದ್ದರೆ ಅವರು ಯಾವ ಕಚೇರಿಗೆ ಹೋಗಿ ದೂರು ಕೊಡುತ್ತಾರೆ? ಅವರ ಪರ ನಿಲ್ಲುವವರು ಮೊದಲು ಕೇಳಬೇಕಾದದ್ದು ಕನಿಷ್ಠ ಕೂಲಿ, ಕೈಗೆ ಗ್ಲೌಸು, ಗಾಯವಾದರೆ ಔಷಧಿ. ಬರ್ಮಾದಲ್ಲಿ ನೀವು ಏನು ಮಾಡುತ್ತಿದ್ದಿರಿ ಅಂತ ಕೇಳುವುದು ಆಮೇಲಿನ ಮಾತು.

ಇಲ್ಲಿಯವರ ಮನಸ್ಸನ್ನೂ ನೋಡಬೇಕು. ಇಂಜಿನಿಯರಿಂಗ್ ಮುಗಿಸಿದ ನಮ್ಮೂರ ಹುಡುಗರು ಬೈಕಿನಲ್ಲಿ ಊಟದ ಪಾರ್ಸಲ್ ಕೊಡುತ್ತಿದ್ದಾರೆ. ಹೊರಗಿನಿಂದ ಬಂದವರಿಗೆ ಮಾತ್ರ ಓದಿಗೆ ತಕ್ಕ ಕೆಲಸ ಹುಡುಕಿಕೊಡುವ ಕಚೇರಿ ತೆರೆದರೆ, ಅವರ ತಾಯಿಗೆ ನಾನು ಏನು ಉತ್ತರ ಹೇಳಲಿ? ಅವರ ಸಿಟ್ಟು ಕೊನೆಗೆ ತಿರುಗುವುದು ನಿರಾಶ್ರಿತರ ಮೇಲೆಯೇ. ಅಂಥ ಕಚೇರಿ ತೆರೆಯುವುದಾದರೆ ಇಬ್ಬರಿಗೂ ಒಂದೇ ಇರಲಿ, ಒಂದೇ ಸಾಲಿನಲ್ಲಿ ನಿಲ್ಲಲಿ.

ಮೇಡಂ ಹೇಳುವ ಭಾಷೆ, ಪರೀಕ್ಷೆ, ಪರಿಚಯ ಇದ್ಯಾವುದೂ ಬೇಡ ಅಂತಲ್ಲ. ಅದನ್ನೆಲ್ಲ ಸಂಜೆ ಏಳಕ್ಕೆ ಇಡಿ. ಹಗಲು ಅವರು ದುಡಿಯಲಿ. ಅಂಥವರು ನನ್ನ ವರ್ಕ್‌ಶಾಪಿಗೆ ಬಂದರೆ ಲೇತ್ ಮೇಲೆ ಕೂಡಲೇ ನಿಲ್ಲಿಸಲು ಆಗುವುದಿಲ್ಲ, ಮೊದಲು ವೆಲ್ಡಿಂಗ್ ಹುಡುಗರ ಜೊತೆ ಬಿಡುತ್ತೇನೆ, ಬೇರೆಯವರಿಗೆ ಕೊಡುವ ಸಂಬಳವನ್ನೇ ಕೊಡುತ್ತೇನೆ, ಪರೀಕ್ಷೆ ಇದ್ದ ದಿನ ರಜೆಯನ್ನೂ ಕೊಡುತ್ತೇನೆ.